ತಿರುಗಿ ಬಿದ್ದ ಕಡ್ಡಿ

ನೆಟ್ಟಗೆ ಕೆಲಸ ಮಾಡಿದವನಿಗೆ ಬೈಗುಳ, ಕೆಡಿಸಿದವನಿಗೆ ಶಹಬ್ಬಾಸ್‌ಗಿರಿ, ಇದು ಲೋಕದ ರೀತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಿ ಚಹಾ ಕುಡಿದು ಎದ್ದು ಹೋಗುತ್ತಾರೆ. ನಾನು ಅದನ್ನು ಗಡಿಯಾರ ಇಟ್ಟುಕೊಂಡು ಅಳೆದಿದ್ದೇನೆ. ಕೆಟ್ಟ ಕೆಲಸ ಪೂರಾ ಒಂದೂವರೆ ನಿಮಿಷ ನಿಂತಿತು. ಒಳ್ಳೆಯ ಕೆಲಸ ನಾಲ್ಕು ಸೆಕೆಂಡಿಗೆ ಬಿತ್ತು.

ನನ್ನ ಸೋದರಮಾವನದು ಶಾಲೆಗಳಿಗೆ ವಿಜ್ಞಾನದ ಮಾಡೆಲ್ ಮಾಡಿಕೊಡುವ ವರ್ಕ್‌ಶಾಪ್. ಉದ್ದನೆಯ ಒಂದೇ ಕೋಣೆ, ತಗಡಿನ ಸೂರು, ಕಪಾಟಿನ ತುಂಬ ಅರ್ಧಕ್ಕೆ ನಿಂತ ಸೃಷ್ಟಿ: ಗ್ರಹಗಳಿಲ್ಲದ ಸೂರ್ಯ, ಹಿಡಿಯಿಲ್ಲದ ಡೈನಮೊ, ಎರಡು ಪಕ್ಕೆಲುಬು ಕಮ್ಮಿ ಬಿದ್ದ ಅಸ್ಥಿಪಂಜರ. ಕೋಣೆಯ ಆ ತುದಿಗೆ, ಕಿಟಕಿಯ ಬೆಳಕು ನೇರವಾಗಿ ಬೀಳುವ ಜಾಗದಲ್ಲಿ, ಲೇತ್. ಕಬ್ಬಿಣವೋ ಮರವೋ ಗಿರಗಿರ ತಿರುಗುತ್ತಿರುವಾಗ ಉಳಿ ಕೊಟ್ಟು ಬೇಕಾದ ಆಕಾರ ತೆಗೆಯುವ ಯಂತ್ರ. ನನಗಿಂತ ಮೂರು ಪಟ್ಟು ವಯಸ್ಸಿನದು, ಕೂದಲೆಳೆಯಷ್ಟೂ ಸುಳ್ಳು ಹೇಳುವುದಿಲ್ಲ. ನಾನು ಕಂಡ ಮನುಷ್ಯರ ಬಗ್ಗೆ ಈ ಮಾತು ಹೇಳಲಾರೆ.

ಮೂವತ್ತು ವರ್ಷ ಆ ಲೇತಿನ ಮುಂದೆ ನಿಂತಿದ್ದ, ನಾವೆಲ್ಲ ತಾತ ಎನ್ನುತ್ತಿದ್ದ ಮುದಿ ಕೆಲಸಗಾರನಿಗೆ ಕಣ್ಣಿಗೆ ಪೊರೆ ಬಂತು, ಕೆಲಸ ಬಿಟ್ಟ. ಹೋಗುವ ದಿನ ಎಣ್ಣೆಯ ಡಬ್ಬಿಯನ್ನು ನನ್ನ ಕೈಗಿಟ್ಟು, "ದಿನಾ ಎರಡು ತೊಟ್ಟು. ಮರೆತ್ಯೋ, ನನ್ನ ಆತ್ಮ ಬಂದು ಒದೆಯುತ್ತೆ" ಎಂದ. ಇನ್ನೂ ಗುಂಡುಕಲ್ಲಿನ ಹಾಗಿದ್ದಾನೆ, ಆದರೂ ಆತ್ಮದ ಬೆದರಿಕೆ. ಆರು ವರ್ಷ ಅವನ ಪಕ್ಕದಲ್ಲಿ ನಿಂತು ಕಲಿತವನು ನಾನು. ಲೇತ್ ನನಗೇ ಎಂದುಕೊಂಡೆ.

ಆದರೆ ಮಾವನಿಗೊಬ್ಬ ಅಳಿಯನಿದ್ದ. ಮಗಳ ಗಂಡ. ಯಾವುದೋ ಸಂಸ್ಥೆಯಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿದ್ದ. ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ, ತಾತ ಹೋದ ಮಾರನೆಯ ದಿನವೇ ತಂದು ಲೇತಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಮೊಳೆ ಸೊಟ್ಟ ಹೋಗಿತ್ತು. ಅವತ್ತಿನಿಂದ ಅವನ ಹೆಸರೇ ಡಿಪ್ಲೊಮಾ ಆಯಿತು.

ಮೂರು ವಾರ ಲೇತಿಗೆ ಟಾರ್ಪಾಲು ಹೊದಿಸಿಟ್ಟಿದ್ದರು. ಕಾರಣ ಮಾವನ ಮನೆ. ಊಟಕ್ಕೆ ಕೂತರೆ ಸಾಕು, ಶುರು.

"ಅಳಿಯ ಅಂದ್ರೆ ಮಗ ಇದ್ದ ಹಾಗೆ," ಎನ್ನುತ್ತಿದ್ದಳು ಅತ್ತೆ. "ಓದಿದ್ದಾನೆ. ಅವನನ್ನ ಬಿಟ್ಟು ಒಂಬತ್ತನೇ ಕ್ಲಾಸಿಗೇ ಚಕ್ಕರ್ ಹೊಡೆದೋನ ಕೈಗೆ ಯಂತ್ರ ಕೊಡ್ತಾರಾ ಯಾರಾದ್ರೂ?"

"ತಂಗಿ ಮಗ ಕಣೇ. ಅವನ ಕೈ ನೋಡು."

"ಕೈ ನೋಡಿದೀನಿ. ಬಾಯಿನೂ ನೋಡಿದೀನಿ. ಮೊನ್ನೆ ಬಂದ ಗಿರಾಕಿಗೆ ಏನಂದ? 'ನಿಮ್ಮ ತಲೆ ಗುಂಡಗಿದೆ, ಅದನ್ನೇ ಗ್ಲೋಬ್ ಮಾಡ್ಕೊಳ್ಳಿ' ಅಂದ."

ಅಂದದ್ದು ನಿಜ. ಆತ ಭೂಮಿಯನ್ನು ಚಪ್ಪಟೆಯಾಗಿ ಮಾಡಿಕೊಡಿ, ಕಪಾಟಿನಲ್ಲಿ ಜಾಗ ಉಳಿಯುತ್ತದೆ ಎಂದಿದ್ದ.

ಅತ್ತೆ ಆ ಕಡೆ ಎಳೆಯುತ್ತಿದ್ದಳು, ಮಾವ ಈ ಕಡೆ. ಇಬ್ಬರ ಬಲವೂ ಸಮ. ಅದರಿಂದ ಮನೆ ಯಾವ ಕಡೆಗೂ ಒಂದು ಹೆಜ್ಜೆ ಹೋಗುತ್ತಿರಲಿಲ್ಲ, ನಿಂತಲ್ಲೇ ತಿರುಗುತ್ತಿತ್ತು. ನಡುವೆ ಸಿಕ್ಕ ನಮಗೆ ತಲೆ ಸುತ್ತು.

ಅಷ್ಟರಲ್ಲಿ ಆರ್ಡರ್ ಬಂತು. ಕಳಿಸಿದವರು ನಾನು ಓದಿದ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು. ಮಕ್ಕಳು ಇಟ್ಟ ಹೆಸರು ಸೀಮೆಸುಣ್ಣ. ಕಳಿಸಿದವರ ಹೆಸರು ನೋಡುತ್ತಲೇ ನನ್ನ ಕಿವಿ ಬಿಸಿಯಾಯಿತು.

ನಾನು ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ. ಒಂಬತ್ತನೆಯ ತರಗತಿಯಲ್ಲಿ ಸೀಮೆಸುಣ್ಣ ಸಮತೋಲನದ ಪಾಠ ಮಾಡುತ್ತಿದ್ದರು. ಮೇಜಿನ ಮೇಲೆ ಮರದ ಮೂರು ಶಂಕು. ಒಂದನ್ನು ತಳದ ಮೇಲೆ ನಿಲ್ಲಿಸಿದರು: ಸ್ಥಿರ ಸಮತೋಲನ, ಸ್ವಲ್ಪ ತಳ್ಳಿದರೆ ಮತ್ತೆ ಮೊದಲಿನ ಹಾಗೇ ಕೂರುತ್ತದೆ. ಇನ್ನೊಂದನ್ನು ಅಡ್ಡ ಮಲಗಿಸಿದರು. ಮೂರನೆಯದನ್ನು ಕೈಯಲ್ಲಿ ಹಿಡಿದು, "ಇದು ಮೊನೆಯ ಮೇಲೆ ನಿಂತಿದೆ ಅಂದುಕೊಳ್ಳಿ, ಇದೂ ಸಮತೋಲನವೇ, ಅಸ್ಥಿರ ಸಮತೋಲನ" ಎಂದರು.

ನಾನು ಎದ್ದು ನಿಂತು ಕೇಳಿದೆ: "ಅಂದುಕೊಳ್ಳೋದು ಯಾಕೆ ಸಾರ್? ನಿಲ್ಲಿಸಿ."

ಇಡೀ ತರಗತಿ ನಕ್ಕಿತು. ಸೀಮೆಸುಣ್ಣದ ಮುಖ ಕೆಂಪಾಯಿತು. ಆ ಶಂಕುವನ್ನು ನನ್ನ ಕೈಗೆ ತುರುಕಿ, "ನೀನೇ ನಿಲ್ಲಿಸು. ನಿಲ್ಲಿಸೋ ತನಕ ನನ್ನ ಕ್ಲಾಸಿಗೆ ಕಾಲಿಡಬೇಡ" ಎಂದು ಹೊರಗೆ ಕಳಿಸಿದರು.

ನಾನು ಹೊರಗೆ ಕೂತು ನಿಲ್ಲಿಸತೊಡಗಿದೆ. ಅವತ್ತೂ ನಿಲ್ಲಲಿಲ್ಲ, ಮಾರನೆಯ ದಿನವೂ ನಿಲ್ಲಲಿಲ್ಲ. ನೆಲ ಸಮ ಇಲ್ಲ ಎಂದುಕೊಂಡು ಮಾವನ ವರ್ಕ್‌ಶಾಪಿಗೆ ಹೋದೆ, ಅಲ್ಲಿ ಉಜ್ಜಿ ನುಣುಪು ಮಾಡಿದ ಉಕ್ಕಿನ ಹಲಗೆ ಇತ್ತು. ಅದರ ಮೇಲೂ ನಿಲ್ಲಲಿಲ್ಲ. ಮೊನೆ ಓರೆ ಇದೆಯೇನೋ ಎಂದು ತಾತನ ಕೈಲಿ ತೋರಿಸಿದೆ. ತಾತ ಲೇತಿಗೆ ಹಾಕಿ ಮೊನೆ ತಿದ್ದಿ ಕೊಟ್ಟ. ಇನ್ನೂ ಬೇಗ ಬಿತ್ತು. ಅಷ್ಟರಲ್ಲಿ ಲೇತಿನ ಮೇಲೆ ಮನಸ್ಸು ಕೂತಿತ್ತು. ಶಾಲೆಗೆ ವಾಪಸು ಹೋಗಲೇ ಇಲ್ಲ. ಅಮ್ಮ ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ನಾನು, "ನಿಲ್ಲಿಸಿದ ಮೇಲೆ ಹೋಗ್ತೀನಿ" ಎಂದೆ. ಮಾತು ಮಾತೇ. ಆ ಶಂಕು ಈಗಲೂ ನನ್ನ ಜೇಬಿನಲ್ಲಿರುತ್ತದೆ.

ಈಗ ಅದೇ ಮನುಷ್ಯ ಆರ್ಡರ್ ಕಳಿಸಿದ್ದರು. ವಿದ್ಯುತ್ ದ್ವಿಧ್ರುವದ ಮಾಡೆಲ್ ಬೇಕಂತೆ. ಪುಸ್ತಕದ ಒಂದು ಪುಟ ಜೆರಾಕ್ಸ್ ಮಾಡಿಸಿ ಪಿನ್ನು ಹಾಕಿದ್ದರು. ಮೂರು ಸಲ ಓದಿದೆ. ವಿಷಯ ದೊಡ್ಡದೇನಲ್ಲ. ಒಂದು ಕಡ್ಡಿ, ಒಂದು ತುದಿಗೆ ಪ್ಲಸ್, ಇನ್ನೊಂದು ತುದಿಗೆ ಅಷ್ಟೇ ಮೈನಸ್. ಅದನ್ನು ಎದುರುಬದುರು ನಿಲ್ಲಿಸಿದ ಎರಡು ಲೋಹದ ತಟ್ಟೆಗಳ ನಡುವೆ ಇಟ್ಟು ಕರೆಂಟ್ ಕೊಟ್ಟರೆ, ಒಂದು ತುದಿಯನ್ನು ಎಷ್ಟು ಜೋರಾಗಿ ಆ ಕಡೆ ಎಳೆಯುತ್ತದೋ ಇನ್ನೊಂದನ್ನು ಅಷ್ಟೇ ಜೋರಾಗಿ ಈ ಕಡೆ. ಕಡ್ಡಿ ಎಲ್ಲಿಗೂ ಹೋಗುವುದಿಲ್ಲ, ತಿರುಗುತ್ತದೆ. ಪ್ಲಸ್ ತುದಿ ಮೈನಸ್ ತಟ್ಟೆಯ ಕಡೆ ಮುಖ ಮಾಡಿದಾಗ ಶಾಂತ. ನಮ್ಮ ಮಾವನ ಮನೆಯನ್ನು ಯಾರೋ ಪುಸ್ತಕದಲ್ಲಿ ಹಾಕಿದ್ದಾರೆ ಅನ್ನಿಸಿತು, ಶಾಂತ ಅನ್ನುವುದೊಂದನ್ನು ಬಿಟ್ಟು.

ತಂಟೆ ಇದ್ದದ್ದು ಆರ್ಡರಿನ ಮೂರನೆಯ ಸಾಲಿನಲ್ಲಿ. ಸೀಮೆಸುಣ್ಣದ ಸ್ವಂತ ಕೈಬರಹ: "ಕಡ್ಡಿಯು ತಿರುವುಮುರುವಾಗಿಯೂ, ಅಂದರೆ ಪ್ಲಸ್ ತುದಿ ಪ್ಲಸ್ ತಟ್ಟೆಯ ಕಡೆಗೇ ಮುಖ ಮಾಡಿಯೂ, ಕನಿಷ್ಠ ಒಂದು ನಿಮಿಷ ನಿಲ್ಲಬೇಕು. ಇದು ಅಸ್ಥಿರ ಸಮತೋಲನ. ತರಗತಿಯವರೆಲ್ಲ ನೋಡುವಂತಿರಬೇಕು."

ಮಾವನಿಗೆ ಇದರಲ್ಲಿ ಮನೆಯ ಜಗಳಕ್ಕೆ ಮದ್ದು ಕಂಡಿತು. ಸ್ಟೂಲಿನ ಮೇಲೆ ಹತ್ತಿ ನಿಂತು, ಸಭೆಯಲ್ಲಿ ಇದ್ದದ್ದು ನಾವಿಬ್ಬರೇ ಆದರೂ, ಘೋಷಣೆ ಮಾಡಿದರು: "ಇಬ್ಬರೂ ಒಂದೊಂದು ಮಾಡಿ. ಯಾರದ್ದಕ್ಕೆ ಮೇಷ್ಟ್ರು ಸಹಿ ಹಾಕ್ತಾರೋ ಲೇತ್ ಅವನದು. ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಪ್ಯಾಕಿಂಗ್ ನೋಡ್ಕೋಬೇಕು. ಅತ್ತೆಗೂ ಹೇಳಿದೀನಿ, ಒಪ್ಪಿದಾಳೆ."

"ಮೇಷ್ಟ್ರು ಓದಿದವರು," ಡಿಪ್ಲೊಮಾ ಕಾಲರ್ ಸರಿಮಾಡಿಕೊಂಡ. "ಓದಿದವರ ಭಾಷೆ ಓದಿದವರಿಗೇ ಅರ್ಥ ಆಗೋದು."

"ಹೌದು ಸಾಹೇಬ್ರೇ. ಮೊಳೆ ಭಾಷೆ ಮಾತ್ರ ಅರ್ಥ ಆಗಲ್ಲ," ಎಂದು ನಾನು ಸೊಟ್ಟ ಚೌಕಟ್ಟಿನ ಕಡೆ ನೋಡಿದೆ.

ಕೆಲಸ ಶುರುವಾಯಿತು. ಜ್ಯೂಸ್ ಕುಡಿಯುವ ಸ್ಟ್ರಾ ತೆಗೆದುಕೊಂಡು ಎರಡು ತುದಿಗೂ ಥರ್ಮೋಕೋಲ್ ಗುಂಡು ಸಿಕ್ಕಿಸಿ, ಗುಂಡುಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ಗುರುತಿಗೆ ಒಂದಕ್ಕೆ ಕೆಂಪು ಚುಕ್ಕೆ, ಒಂದಕ್ಕೆ ನೀಲಿ. ನಡುವೆ ಗಾಜಿನ ನಳಿಗೆಯ ತುದಿಯನ್ನು ಕಾಯಿಸಿ ಮುಚ್ಚಿ ಮಾಡಿದ ಪುಟ್ಟ ಟೋಪಿ. ಟೋಪಿಯ ಒಳಗೆ ಸೂಜಿಯ ಮೊನೆ. ದಿಕ್ಸೂಚಿಯ ಮುಳ್ಳು ಕೂರುತ್ತದಲ್ಲ, ಹಾಗೆ. ತಟ್ಟೆಗಳ ನಡುವೆ ಒಂದು ಗೇಣು ಜಾಗ. ನಮ್ಮದೇ ಹೈ ವೋಲ್ಟೇಜ್ ಪೆಟ್ಟಿಗೆಯಿಂದ ಕರೆಂಟ್ ಕೊಟ್ಟು, ಪ್ಲಾಸ್ಟಿಕ್ ಹಿಡಿಯ ತಂತಿಯಿಂದ ಕೆಂಪು ಗುಂಡಿಗೆ ಪ್ಲಸ್ಸನ್ನೂ ನೀಲಿಗೆ ಮೈನಸ್ಸನ್ನೂ ಮುಟ್ಟಿಸಿದೆ. ಕಡ್ಡಿ ಬೆಚ್ಚಿಬಿದ್ದವರ ಹಾಗೆ ತಿರುಗಿತು. ಆಚೆ ಒಂದಿಷ್ಟು, ಈಚೆ ಒಂದಿಷ್ಟು ತೂಗಿ ನೇರಕ್ಕೆ ಬಂದು ನಿಂತಿತು. ಬೆರಳಿನಿಂದ ತಳ್ಳಿದರೆ ಮತ್ತೆ ಅಲ್ಲಿಗೇ ಬರುತ್ತಿತ್ತು. ನನಗೆ ನಗು ಬಂತು. ಒಬ್ಬನೇ ಇದ್ದೆ, ಅದರಿಂದ ನಕ್ಕೆ.

ಆಮೇಲೆ ಮೂರನೆಯ ಸಾಲು. ಕಡ್ಡಿಯನ್ನು ತಿರುವುಮುರುವು ಮಾಡಿ ಮೆಲ್ಲಗೆ ಬಿಟ್ಟೆ. ಎಂಟು ಸೆಕೆಂಡಿಗೆ ತಿರುಗಿಬಿತ್ತು. ಸೂಜಿ ಸರಿಯಿಲ್ಲ ಎಂದು ಮೊನೆಯನ್ನು ಇನ್ನೂ ಚೂಪು ಮಾಡಿದೆ. ಆರು ಸೆಕೆಂಡು. ಗಾಜಿನ ಟೋಪಿಯನ್ನು ಬೇರೆ ಮಾಡಿದೆ, ಒಳಗೆ ಕನ್ನಡಿಯಂಥ ನುಣುಪು. ಐದು. ಎರಡೂ ಗುಂಡುಗಳ ತೂಕವನ್ನು ಹಾಳೆಯ ಚೂರು ಕತ್ತರಿಸಿ ಕತ್ತರಿಸಿ ಸಮ ಮಾಡಿದೆ. ನಾಲ್ಕು. ನನ್ನ ಕೆಲಸ ಎಷ್ಟು ಉತ್ತಮ ಆಯಿತೋ ಕಡ್ಡಿ ಅಷ್ಟು ಬೇಗ ಬಿತ್ತು. ಐದನೆಯ ದಿನ ಗೊತ್ತಾಯಿತು: ಮೊದಲಿನ ಎಂಟು ಸೆಕೆಂಡು ನಿಂತದ್ದು ಸಮತೋಲನದಿಂದಲ್ಲ, ನನ್ನ ಒರಟು ಸೂಜಿಯಿಂದ. ಎದುರು ಮುಖ ಮಾಡಿದ ಕಡ್ಡಿಗೆ ನಿಲ್ಲಲು ಕೂದಲಿನಷ್ಟೇ ಜಾಗ. ಅದರಿಂದ ಒಂದು ಚೂರು ಸರಿದರೂ ಎಳೆತ ಅದನ್ನು ವಾಪಸು ತರುವುದಿಲ್ಲ, ಇನ್ನೂ ದೂರ ತಳ್ಳುತ್ತದೆ. ನನ್ನ ಉಸಿರೇ ಸಾಕು, ರಸ್ತೆಯಲ್ಲಿ ಲಾರಿ ಹೋದರೆ ಸಾಕು.

ಅಂದರೆ ಕೆಟ್ಟದಾಗಿ ಮಾಡಿದವನು ಗೆಲ್ಲುತ್ತಾನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೂಲಿಗೆ ಒದ್ದೆ. ಸ್ಟೂಲು ಬಿದ್ದು, ಅಸ್ಥಿಪಂಜರಕ್ಕೆ ತಗುಲಿ, ಮೂರನೆಯ ಪಕ್ಕೆಲುಬೂ ಹೋಯಿತು.

ತಲೆಯೆತ್ತಿ ನೋಡಿದರೆ ಡಿಪ್ಲೊಮಾ ತನ್ನ ಸೂಜಿಯ ಮೊನೆಯನ್ನು ಅರದಿಂದ ಉಜ್ಜುತ್ತಿದ್ದಾನೆ. ಚೂಪು ಮಾಡಲು ಅಲ್ಲ, ಮೊಂಡು ಮಾಡಲು. ಸಾಲದ್ದಕ್ಕೆ ಒಂದು ಚಿಟಿಕೆ ದಪ್ಪ ಗ್ರೀಸನ್ನೂ ಮೆತ್ತಿದ.

"ಏನ್ ಮಾಡ್ತಿದೀರಿ?"

"ಎಂಜಿನಿಯರಿಂಗ್," ಎಂದ. "ಗಿರಾಕಿ ಏನು ಕೇಳ್ತಾನೋ ಅದನ್ನ ಕೊಡೋದು. ನಿಲ್ಲಬೇಕು ಅಂದ, ನಿಲ್ಲುತ್ತೆ. ನೋಡು." ಕಡ್ಡಿಯನ್ನು ಇಟ್ಟ. ಎಮ್ಮೆ ಕೆಸರಿನಲ್ಲಿ ಕೂತ ಹಾಗೆ ಕೂತಿತು. "ಬೇಕಾದ್ರೆ ಅರ ತಗೋ. ನನಗೇನು ಹೊಟ್ಟೆಕಿಚ್ಚಿಲ್ಲ."

ಅಷ್ಟರಲ್ಲಿ ಮಾವ ಬಂದರು. ನನ್ನದು ಬೀಳುವುದನ್ನು ನೋಡಿದರು, ಅಳಿಯನದು ನಿಲ್ಲುವುದನ್ನು ನೋಡಿದರು. ನನ್ನನ್ನು ಹೊರಗೆ ಕರೆದು ಹೆಗಲ ಮೇಲೆ ಕೈ ಹಾಕಿದರು.

"ಲೋ, ನಾಳೆನೇ ಹೋಗಬೇಕು. ಒಂದೇ ಒಂದು ಸಲ ಅರ ಉಜ್ಜೋ. ನನಗೆ ಕಾಣಿಸಲ್ಲ, ಮೇಷ್ಟ್ರಿಗೂ ಕಾಣಿಸಲ್ಲ."

"ನನಗೆ ಕಾಣಿಸುತ್ತೆ ಮಾವ."

"ನಿನ್ನ ಕಣ್ಣಿಗೆ ಬೆಂಕಿ ಬೀಳ. ಲೇತ್ ಬೇಡ್ವಾ ನಿನಗೆ?"

ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮಾವ ಹೋದ ಮೇಲೆ ಅರ ಕೈಗೆತ್ತಿಕೊಂಡೆ. ಸೂಜಿಯ ಮೊನೆಯ ಮೇಲೆ ಇಟ್ಟೂ ಬಿಟ್ಟೆ. ಆದರೆ ಯಂತ್ರದ ಮುಂದೆ ನಿಲ್ಲುವ ಹಕ್ಕಿಗಾಗಿ ಮೊನೆ ಮುರಿದು ಸುಳ್ಳು ಮಾಡಿದರೆ, ನಾಳೆ ಅದೇ ಯಂತ್ರದ ಮುಂದೆ ನಿಂತು ಏನು ಮಾಡುವುದು? ಅರ ಕೆಳಗಿಟ್ಟೆ. ಟಾರ್ಪಾಲಿನ ಅಡಿ ಕೈ ಹಾಕಿ ಲೇತಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಮನೆಗೆ ಹೋದೆ. ಕೊನೆಯ ಸಲ ಇರಬಹುದು ಎಂದುಕೊಂಡೆ. ಇನ್ನೂ ಎರಡು ತೊಟ್ಟು ಹೆಚ್ಚಿಗೇ ಬಿಟ್ಟೆ.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ನಾವು ಮೂವರೂ ಶಾಲೆಯ ಪ್ರಯೋಗಾಲಯದಲ್ಲಿದ್ದೆವು. ಅದೇ ಕಲ್ಲಿನ ಮೇಜು, ಅದೇ ಆಸಿಡ್ ಕಲೆ. ಬಾಗಿಲಲ್ಲಿ ಅಟೆಂಡರಮ್ಮ. ಮಗ್ಗುಲಿಗೆ ಒರೆಸುವ ಬಟ್ಟೆ ಸಿಕ್ಕಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಶಂಕು ಕದ್ದೋನು ತಾನೇ ನೀನು? ಪೆಟ್ಟಿಗೇಲಿ ಮೂರು ಗುಳಿ, ಎರಡೇ ಶಂಕು. ಆರು ವರ್ಷದಿಂದ ಆ ಗುಳಿಗೆ ಧೂಳು ಹೊಡೀತಾ ಇದೀನಿ."

"ಕದ್ದಿಲ್ಲ. ಕೊಟ್ಟಿದ್ದು."

"ಕದ್ದವರೆಲ್ಲ ಹಾಗೇ ಹೇಳೋದು," ಎಂದು ಒಳಗೆ ಬಿಟ್ಟಳು.

ಸೀಮೆಸುಣ್ಣಕ್ಕೆ ನನ್ನ ಗುರುತೇ ಸಿಗಲಿಲ್ಲ. ಕೂದಲು ಬೆಳ್ಳಗಾಗಿತ್ತು, ಅಥವಾ ಅದೂ ಸೀಮೆಸುಣ್ಣವೋ ಏನೋ. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಮೂರನೇ ಸಾಲಿಂದಲೇ ಶುರು ಮಾಡೋಣ. ಅದೇ ಮುಖ್ಯ" ಎಂದರು.

ಡಿಪ್ಲೊಮಾನದು ಮೊದಲು. ಕರೆಂಟ್ ಹಾಕಿದ, ಗುಂಡುಗಳಿಗೆ ತಂತಿ ಮುಟ್ಟಿಸಿದ, ಕಡ್ಡಿಯನ್ನು ತಿರುವುಮುರುವಾಗಿ ಇಟ್ಟ. ನಿಂತಿತು. ಹತ್ತು ಸೆಕೆಂಡು. ಮೂವತ್ತು. ಒಂದು ನಿಮಿಷ. ಒಂದೂವರೆ. ಡಿಪ್ಲೊಮಾ ಕೈಕಟ್ಟಿ ಸೂರು ನೋಡುತ್ತಿದ್ದ. ಮೇಷ್ಟ್ರು, "ಭೇಷ್! ಪುಸ್ತಕದಲ್ಲಿ ಇದ್ದ ಹಾಗೇ ಇದೆ" ಎಂದು ಪೆನ್ನಿನ ಮುಚ್ಚಳ ತೆಗೆದರು.

"ಇನ್ನೊಂದೂ ಇದೆ ಸಾರ್," ಎಂದರು ಮಾವ. ತಂಗಿಯ ಮಗನ ಮೇಲಿನ ಕರುಣೆ ಅವರ ದನಿಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ನಾನು ಇಟ್ಟೆ. ನೇರಕ್ಕೆ ಬಿಟ್ಟಾಗ ಕಡ್ಡಿ ಚೆಂದವಾಗಿ ತೂಗಿ ನಿಂತಿತು. ತಿರುವುಮುರುವಾಗಿ ಇಟ್ಟೆ. ಒಂದು ಸೆಕೆಂಡು, ಎರಡು, ಮೂರು, ನಾಲ್ಕು, ತಿರುಗಿಬಿತ್ತು.

"ಬಿತ್ತು," ಎಂದರು ಮೇಷ್ಟ್ರು.

"ಫ್ಯಾನ್ ಗಾಳಿ ಸಾರ್," ಎಂದರು ಮಾವ. ಫ್ಯಾನ್ ಆರಿಸಿದರು. ಬಿತ್ತು. ಕಿಟಕಿ ಮುಚ್ಚಿದರು. ಬಿತ್ತು. ಮೇಷ್ಟ್ರು ಎಲ್ಲರೂ ಉಸಿರು ಹಿಡಿಯಿರಿ ಎಂದರು. ಹಿಡಿದೆವು. ಸೆಕೆ, ಬೆವರು, ನಾಲ್ಕು ಮುಖ ಊದಿಕೊಂಡು ಕುಂಬಳಕಾಯಿ. ಕಡ್ಡಿ ನಿಂತಿತು. ಐದಾಯಿತು, ಆರಾಯಿತು, ಏಳಾಯಿತು. ಮಾವ ಸೀನಿದರು. ಕಡ್ಡಿ ಅರ್ಧ ಸುತ್ತು ತಿರುಗಿ ನೇರಕ್ಕೆ ಬಂದು, ಇನ್ನು ಕದಲುವುದಿಲ್ಲ ಅನ್ನುವ ಹಾಗೆ ಕೂತಿತು.

"ಇದು ಆಗೋದಿಲ್ಲ," ಎಂದು ಮೇಷ್ಟ್ರು ಸಹಿ ಹಾಕಲು ಡಿಪ್ಲೊಮಾನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ನನ್ನ ಕಣ್ಣ ಮುಂದೆ ಪ್ಯಾಕಿಂಗ್ ಟೇಪಿನ ಸುರುಳಿಗಳು ಸಾಲಾಗಿ ಬಂದು ನಿಂತವು.

ಸೀನಿನ ದೆಸೆಯಿಂದ ಅಟೆಂಡರಮ್ಮನಿಗೆ ಕೆಲಸ ಬಿದ್ದಿತ್ತು. ಗೊಣಗುತ್ತ ಮೇಜು ಒರೆಸುತ್ತ ಬಂದಳು. ಅವಳ ಬಟ್ಟೆಯ ತುದಿ ಡಿಪ್ಲೊಮಾನ ಕಡ್ಡಿಗೆ ತಗುಲಿತು. ಕಡ್ಡಿ ಕಾಲುಸುತ್ತು ತಿರುಗಿ, ಎರಡೂ ತಟ್ಟೆಗೆ ಬೆನ್ನು ತೋರಿಸಿ ಅಡ್ಡಡ್ಡ ನಿಂತಿತು. ಹಾಗೇ ನಿಂತೇ ಇತ್ತು.

"ಅಯ್ಯೋ, ಕೈ ತಾಗಿಬಿಡ್ತು ಸಾರ್. ಇದು ಹೀಗೂ ನಿಲ್ಲುತ್ತಾ?"

ಮೇಷ್ಟ್ರ ಪೆನ್ನು ಹಾಳೆಯ ಮೇಲೆ ಅರ್ಧ ಅಕ್ಷರ ಬರೆದು ನಿಂತಿತು. ಕಡ್ಡಿ ಅಡ್ಡ ಇದ್ದಾಗಲೇ ತಿರುಚುವ ಬಲ ಅತಿ ಹೆಚ್ಚು. ಅದನ್ನು ವರ್ಷಾವರ್ಷ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುವವರು ಅವರೇ. ಎದ್ದು ಬಂದು ಕಡ್ಡಿಯನ್ನು ಓರೆಯಾಗಿ ಇಟ್ಟರು. ನಿಂತಿತು. ಇನ್ನೊಂದು ಓರೆಗೆ ಇಟ್ಟರು. ನಿಂತಿತು. ಸ್ವಿಚ್ಚು ಆರಿಸಿದರು. ಆಗಲೂ ನಿಂತಿತು.

"ಕರೆಂಟ್ ಇಲ್ಲದೇನೂ ನಡಿಯುತ್ತೆ!" ಎಂದಳು ಅಟೆಂಡರಮ್ಮ. "ಒಳ್ಳೇದೇ ಆಯ್ತಲ್ಲ ಸಾರ್."

ಮೇಷ್ಟ್ರು ಕಡ್ಡಿ ಎತ್ತಿ ಸೂಜಿಯ ಮೇಲೆ ಬೆರಳು ಒತ್ತಿದರು. ಚುಚ್ಚಲಿಲ್ಲ. ಬೆರಳಿಗೆ ಗ್ರೀಸು ಮೆತ್ತಿತು. ಡಿಪ್ಲೊಮಾನ ಮುಖ ನೋಡಿದರು.

"ಗಿರಾಕಿಯ ಬೇಡಿಕೆ ಸಾರ್," ಎಂದ ಡಿಪ್ಲೊಮಾ. "ನಿಲ್ಲಬೇಕು ಅಂತ ಬರೆದಿದ್ರಿ."

"ಕುರ್ಚಿನೂ ನಿಲ್ಲುತ್ತೆ ಕಣಯ್ಯ!" ಮೇಷ್ಟ್ರು ಹಾಳೆಯನ್ನು ಹಿಂದಕ್ಕೆ ತಳ್ಳಿದರು. "ಇದು ಸುಳ್ಳು. ಅದು ಬೀಳುತ್ತೆ. ಎರಡೂ ಬೇಡ. ತಗೊಂಡು ಹೋಗಿ."

ಮಾವ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ಹಾಗಾದ್ರೆ ಲೇತಿಗೆ ಹೊರಗಿನವರನ್ನೇ ನೋಡ್ತೀನಿ. ಇಬ್ಬರೂ ಪ್ಯಾಕಿಂಗ್ ಮಾಡಿ. ಮನೆಗಾದ್ರೂ ನೆಮ್ಮದಿ."

ಆಗ ನನ್ನ ನೆತ್ತಿಗೆ ಏರಿತು. ಜೇಬಿನಿಂದ ಶಂಕು ತೆಗೆದು ಮೇಷ್ಟ್ರ ಮುಂದೆ ಕುಕ್ಕಿದೆ.

"ನಿಲ್ಲಿಸಿ ಸಾರ್. ಮೊನೆ ಮೇಲೆ. ಒಂದು ನಿಮಿಷ ಬೇಡ, ಅರ್ಧ ನಿಮಿಷ. ನಿಲ್ಲಿಸಿದ್ರೆ ನನ್ನ ಕಡ್ಡೀನ ನಾನೇ ಮುರಿದು ಬಿಸಾಕ್ತೀನಿ."

"ಅಗೋ, ಶಂಕು!" ಅಟೆಂಡರಮ್ಮ ಚೀರಿದಳು.

ಮೇಷ್ಟ್ರು ಶಂಕುವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಶಂಕುವನ್ನು ನೋಡಿದರು. "ನೀನು... 'ನಿಲ್ಲಿಸಿ' ಅಂದೋನು."

"ಹೂಂ. 'ನಿಲ್ಲಿಸೋ ತನಕ ಕ್ಲಾಸಿಗೆ ಕಾಲಿಡಬೇಡ' ಅಂದ್ರಿ. ಆರು ವರ್ಷ ಆಯ್ತು. ಕಾಲಿಟ್ಟಿಲ್ಲ."

"ಏನು? ಅದಕ್ಕೇ ಬರಲಿಲ್ವಾ ನೀನು?" ಮೇಷ್ಟ್ರು ಕುರ್ಚಿ ಹಿಡಿದು ಕೂತರು. "ಅಲ್ಲಯ್ಯಾ, ಸಿಟ್ಟಲ್ಲಿ ಅಂದಿದ್ದು ಅದು! ವರ್ಷಕ್ಕೆ ಒಬ್ಬರಿಗಾದ್ರೂ ಅಂತೀನಿ. ಹಾಗೆ ಆಚೆ ಹಾಕಿದವರೆಲ್ಲ ಮಾರನೇ ದಿನ ಅಪ್ಪನ್ನೋ ಅಮ್ಮನ್ನೋ ಕರ್ಕೊಂಡು ಬಂದು ನಿಲ್ತಾರೆ. ನೀನೊಬ್ಬ ನಂಬಿಬಿಟ್ಟೆಯಲ್ಲೋ!"

ಆರು ವರ್ಷದ ಸಿಟ್ಟನ್ನು ಎಣ್ಣೆ ಬಿಟ್ಟು ಬಿಟ್ಟು ಕಾಪಾಡಿಕೊಂಡಿದ್ದೆ. ಅದು ವರ್ಷಕ್ಕೊಬ್ಬರಿಗೆ ಹಂಚುವ ಮಾಮೂಲಿ ಸಾಮಾನು. ಮಾವ ನಗಬಾರದೆಂದು ಟವೆಲ್ಲು ಕಚ್ಚಿಕೊಂಡಿದ್ದರು. ಡಿಪ್ಲೊಮಾ ಕಚ್ಚಿಕೊಳ್ಳಲಿಲ್ಲ.

"ಹಾಗಾದ್ರೆ ಇದು ನಿಲ್ಲುತ್ತಾ ಇಲ್ವಾ ಸಾರ್?" ಎಂದೆ. ನನಗೆ ಉಳಿದಿದ್ದ ಪ್ರಶ್ನೆ ಅದೊಂದೇ.

ಮೇಷ್ಟ್ರು ಶಂಕುವನ್ನು ಮೊನೆಯ ಮೇಲೆ ಇಟ್ಟು ಬಿಟ್ಟರು. ಬಿತ್ತು. ಇನ್ನೊಮ್ಮೆ ಇಟ್ಟರು, ಈ ಸಲ ನಾಲಿಗೆ ಹೊರಗೆ ಚಾಚಿಕೊಂಡು. ಬಿತ್ತು. ಅದನ್ನು ಬಿಟ್ಟು ನನ್ನ ಕಡ್ಡಿಯ ಕಡೆ ಬಂದರು. ಕರೆಂಟ್ ಹಾಕಿಸಿದರು. ಗುಂಡುಗಳಿಗೆ ತಾವೇ ತಂತಿ ಮುಟ್ಟಿಸಿ, ಕೆಂಪನ್ನು ಪ್ಲಸ್ ತಟ್ಟೆಯ ಕಡೆ ಮಾಡಿ ಬಿಟ್ಟರು. ನಾಲ್ಕು ಸೆಕೆಂಡು. ತಿರುಗಿಬಿತ್ತು. ಮತ್ತೆ ಮಾಡಿದರು. ಈ ಸಲ ಎಡಕ್ಕೆ ತಿರುಗಿತು. ಮತ್ತೆ. ಬಲಕ್ಕೆ. ಒಂಬತ್ತು ಸಲ ಮಾಡಿದರು. ಆಮೇಲಾಮೇಲೆ ಬೀಳುವುದಕ್ಕೆ ಮುಂಚೆಯೇ "ಈಗ, ಈಗ, ಈಗ ನೋಡಿ" ಎಂದು ತಮಗೆ ತಾವೇ ಹೇಳಿಕೊಳ್ಳತೊಡಗಿದರು. ಬಿದ್ದಾಗ ತೊಡೆ ತಟ್ಟಿಕೊಂಡರು. ನಾವು ನಾಲ್ವರೂ ಅವರನ್ನೇ ನೋಡುತ್ತ ನಿಂತಿದ್ದೆವು. ಕಡ್ಡಿಯನ್ನು ನೋಡುವುದಕ್ಕಿಂತ ಅದೇ ಚೆನ್ನಾಗಿತ್ತು.

"ಇಪ್ಪತ್ತೆರಡು ವರ್ಷದಿಂದ ಬರೆಸಿದೀನಿ," ಎಂದರು ಕೊನೆಗೆ. "ಅಸ್ಥಿರ ಸಮತೋಲನ, ಅಡಿಗೆರೆ ಎಳೀರಿ ಅಂತ. ಕಣ್ಣಲ್ಲಿ ನೋಡಿದ್ದು ಇವತ್ತು."

"ಅಂದ್ರೆ ಸಮತೋಲನ ಅಲ್ವಾ ಸಾರ್?"

"ಸಮತೋಲನವೇ. ಲೆಕ್ಕದಲ್ಲಿ ಪಕ್ಕಾ. ನಿಲ್ಲಲ್ಲ, ಅಷ್ಟೇ."

"ಆ 'ಅಷ್ಟೇ'ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಸಾರ್."

ಕ್ಷಮೆ ಗಿಮೆ ಕೇಳುವ ಪೈಕಿ ಅಲ್ಲ ಮೇಷ್ಟ್ರು. ಆರ್ಡರಿನ ಹಾಳೆ ತೆಗೆದು ಮೂರನೆಯ ಸಾಲನ್ನು ಹೊಡೆದುಹಾಕಿದರು. ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು: "ತಿರುವುಮುರುವಾಗಿ ಇಟ್ಟರೆ ನಿಲ್ಲಕೂಡದು. ಯಾವ ಕಡೆಗೆ ತಿರುಗುವುದೆಂದು ಮೊದಲೇ ಯಾರಿಗೂ ಗೊತ್ತಾಗಕೂಡದು." ಕೆಳಗೆ ಸಹಿ ಹಾಕಿ ನನ್ನ ಕಡೆ ಚಾಚಿದರು.

"ಎರಡು ಗಂಟೆಗೆ ಕ್ಲಾಸಿದೆ. ಇದನ್ನ ಮಾಡಿದವನೇ ಇಟ್ಟು ತೋರಿಸಬೇಕು. ನೀನೇ ಬಾ."

"ಕಾಲಿಡಬಹುದಾ?"

"ಬಾರೋ ಮಾರಾಯ, ಸಾಕು," ಎಂದರು.

ಹೋದೆ. ಹೊಸ್ತಿಲ ಹತ್ತಿರ ಒಂದು ಕ್ಷಣ ಕಾಲು ತಾನಾಗಿಯೇ ನಿಂತಿತು. ಹಿಂದಿನಿಂದ ಅಟೆಂಡರಮ್ಮ, "ದಾರಿ ಬಿಡು, ಕಸ ಗುಡಿಸಬೇಕು" ಎಂದು ತಳ್ಳಿದಳು, ಅದರಿಂದ ಹೊಸ್ತಿಲು ದಾಟಿದ್ದು ನಾನೋ ಅವಳ ಪೊರಕೆಯೋ ಖಚಿತವಿಲ್ಲ. ನಲವತ್ತು ಮಕ್ಕಳು ಉಸಿರು ಹಿಡಿದು ನೋಡಿದರು. ಕಡ್ಡಿ ತಿರುಗಿಬಿದ್ದಾಗ ಸೂರು ಹಾರಿಹೋಗುವ ಹಾಗೆ ಕೂಗಿದರು. ಹಿಂದಿನ ಬೆಂಚಿನಿಂದ ಒಬ್ಬಳು, "ಯಾವ ಕಡೆ ಬೀಳುತ್ತೆ ಅಂತ ಯಾಕೆ ಹೇಳಕ್ಕಾಗಲ್ಲ?" ಎಂದು ಕೇಳಿದಳು. ಸೀಮೆಸುಣ್ಣದ ಮುಖ ಕೆಂಪಾಯಿತು. ಬಾಯಿ ತೆರೆದರು. ನಾನು ಅವರನ್ನೇ ನೋಡಿದೆ. ಬಾಯಿ ಮುಚ್ಚಿ, "ಮುಂದೆ ಬಾರಮ್ಮ, ನೀನೇ ಇಟ್ಟು ನೋಡು" ಎಂದರು.

ಅವತ್ತು ಸಂಜೆ ಟಾರ್ಪಾಲು ತೆಗೆದೆವು. ಅತ್ತೆ ಮೂರು ದಿನ ನನಗೆ ಊಟ ಬಡಿಸುವಾಗ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟಳು, ನಾಲ್ಕನೆಯ ದಿನ ಮರೆತಳು. ಡಿಪ್ಲೊಮಾ ಪ್ಯಾಕಿಂಗ್ ನೋಡಿಕೊಳ್ಳುತ್ತಾನೆ. ನಿಜ ಹೇಳಬೇಕೆಂದರೆ ಅದರಲ್ಲಿ ಅವನು ಪಳಗಿದ್ದಾನೆ, ಅವನು ಕಟ್ಟಿದ ಪೆಟ್ಟಿಗೆಯೊಳಗೆ ಏನೂ ಅಲುಗಾಡುವುದಿಲ್ಲ. ಗೋಡೆಯ ಮೇಲಿನ ಚೌಕಟ್ಟು ಹಾಗೇ ಇದೆ. ಮೊಳೆಯನ್ನು ನಾನೇ ನೆಟ್ಟಗೆ ಮಾಡಿದೆ, ಕಣ್ಣಿಗೆ ಚುಚ್ಚುತ್ತಿತ್ತು.

ಲೇತ್ ನನ್ನದಾದ ಮೇಲೆ ಅದರಲ್ಲಿ ಮಾಡಿದ ಮೊದಲ ಕೆಲಸ ಒಂದು ಮರದ ಶಂಕು, ಅಟೆಂಡರಮ್ಮನ ಪೆಟ್ಟಿಗೆಯ ಖಾಲಿ ಗುಳಿಗೆ. ಹಳೆಯದನ್ನು ಕೊಡಲಿಲ್ಲ. ನನಗೂ ಒಂದು ಸರ್ಟಿಫಿಕೇಟು ಬೇಕಲ್ಲ. ಹೊಸದನ್ನು ಕಳಿಸುವ ಮುಂಚೆ, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಉಕ್ಕಿನ ಹಲಗೆಯ ಮೇಲೆ 'ಒಂದೇ ಸಲ' ಎಂದುಕೊಂಡು ಮೊನೆಯ ಮೇಲೆ ಇಟ್ಟು ಕೈ ಬಿಟ್ಟೆ.

ಬಿತ್ತು. ಬಲಕ್ಕೆ.